ಎರಡೇ ನಿಮಿಷ ಅಣ್ಣ

ನಿನ್ನೆ ಚಾರ್ಮಾಡಿಯಲ್ಲಿ ನನ್ನ ಬಿಪಿ ಏರಿದ ಕಥೆ ಹೇಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಮಂಗಳೂರಿನಿಂದ ಬೆಳಿಗ್ಗೆಯೇ ಹೊರಟಿದ್ದೆವು. ಉಜಿರೆ ದಾಟುವಾಗ ಮಳೆ ಹಿಡಿಯಿತು. ಘಾಟಿಯಲ್ಲಿ ತಿರುವಿಗೊಂದು ಜಲಪಾತ. ಒಂದು ಹೇರ್‌ಪಿನ್ ತಿರುವಿನಲ್ಲಿ, ಸರಿಯಾಗಿ ಅದರ ಮಧ್ಯದಲ್ಲೇ, ಬಿಳಿ ಕಾರೊಂದು ನಿಂತಿದೆ. ನಾಲ್ಕೂ ಬಾಗಿಲು ತೆರೆದು, ಜೋರಾಗಿ ಹಾಡು ಹಾಕಿ. ಹುಡುಗರು ನೀರಿಗೆ ಬೆನ್ನು ಹಾಕಿ ರೀಲ್ಸ್ ಮಾಡುತ್ತಿದ್ದಾರೆ. ಮೇಲಿನಿಂದ ಇಳಿದ ಸರಕಾರಿ ಬಸ್ಸಿಗೆ ಅಲ್ಲಿ ತಿರುಗಲು ಇಡೀ ರಸ್ತೆ ಬೇಕು. ಕಂಡಕ್ಟರ್ ಮಳೆಯಲ್ಲೇ ಇಳಿದು ಬಂದರು. ವಿಸಿಲ್ ಬಾಯಲ್ಲೇ ಇತ್ತು, ಹಣದ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿತ್ತು. ಹುಡುಗ ತಿರುಗಿಯೂ ನೋಡದೆ ಹೇಳಿದ: "ಎರಡೇ ನಿಮಿಷ ಅಣ್ಣ."

ನಾನು ಗಡಿಯಾರ ನೋಡಿದೆ ಮಾರಾಯ್ರೇ. ಹದಿನೇಳು!

ಕಳೆದ ವರ್ಷ ಮಗಳ ಮನೆಗೆ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿ, ಫೋಟೋ ಹಾಕಿ ಹಾಕಿ ನಿಮ್ಮ ತಲೆ ತಿಂದದ್ದು ನೆನಪಿದೆ ಅಲ್ವಾ? ಅಲ್ಲಿ ಕೊಲಂಬಿಯಾ ನದಿಯ ಕಣಿವೆಯಲ್ಲಿ ಒಂದು ಹಳೇ ರಸ್ತೆ ಉಂಟು. 1913ರಲ್ಲಿ ಶುರುವಾಗಿ 1922ರಲ್ಲಿ ಮುಗಿದದ್ದು. ಲ್ಯಾಂಕಾಸ್ಟರ್ ಅಂತ ಎಂಜಿನಿಯರ್. ಏರು ನೂರಡಿಗೆ ಐದಡಿ ಮೀರಬಾರದು, ರಸ್ತೆ ಜಲಪಾತಗಳ ಹತ್ತಿರವೇ ಹಾದುಹೋಗಬೇಕು ಅಂತ ಲೆಕ್ಕ ಹಾಕಿ ಮಾಡಿಸಿದ. ಲಾಟೊರೆಲ್, ವಾಕೀನಾ, ಹಾರ್ಸ್‌ಟೇಲ್, ಒಂದಾದ ಮೇಲೊಂದು. ದೊಡ್ಡದು ಮಲ್ಟ್‌ನೋಮಾ, 620 ಅಡಿ. ಆದರೆ ಅಲ್ಲಿ ಕಾರು ನಿಲ್ಲಿಸುವುದು ಪಾರ್ಕಿಂಗ್ ಜಾಗದಲ್ಲಿ, ತಿರುವಿನ ಮಧ್ಯದಲ್ಲಿ ಅಲ್ಲ.

"ಅಲ್ಲಿ ನಿಲ್ಲಿಸಲು ಜಾಗ ಉಂಟು, ಇಲ್ಲಿ ಎಲ್ಲಿ ನಿಲ್ಲಿಸುವುದು?" ಅಂತ ಕಾಮೆಂಟ್ ಹಾಕಲು ಕೈ ತುರಿಸುತ್ತಿರಬಹುದು. ಸರಿ, ಜಾಗ ಇಲ್ಲ. ಜಾಗ ಇಲ್ಲದಿದ್ದರೆ ನಿಲ್ಲಿಸಬೇಡಿ! ಇದರಲ್ಲಿ ಅರ್ಥ ಆಗದ್ದು ಎಂತ ಉಂಟು?

ಅಲ್ಲಿಯವರೆಲ್ಲ ಸಾಚಾ ಅಂತ ಅಲ್ಲ. 2017ರಲ್ಲಿ ಒಬ್ಬ ಹುಡುಗ ಎಸೆದ ಪಟಾಕಿಯಿಂದ ಅದೇ ಕಣಿವೆಗೆ ಬೆಂಕಿ ಬಿದ್ದು ಸುಮಾರು 48,000 ಎಕರೆ ಸುಟ್ಟಿತು. ಅವನೂ ಒಂದೇ ಪಟಾಕಿ ಅಲ್ವಾ ಅಂದುಕೊಂಡಿರಬೇಕು.

ಈಗ ಇನ್ನೊಂದು ವಿಷಯ. ಹೇಳಬಾರದು ಅಂತಿದ್ದೆ. ಮಲ್ಟ್‌ನೋಮಾದಲ್ಲಿ ಅವತ್ತು ಪಾರ್ಕಿಂಗ್ ಭರ್ತಿ. ಮಗಳು ಕಾರು ನಿಧಾನ ಕೂಡ ಮಾಡದೆ ಮುಂದೆ ಹೋದಳು. ಅಷ್ಟು ದೂರ ಹೋಗಿ ನೋಡದೆ ಬರುವುದಾ? ನನಗೆ ತಡೆಯಲಿಲ್ಲ. "ಸುಮ್ನೆ ಬದಿಗೆ ಹಾಕು ಮಗಾ, ಎರಡೇ ನಿಮಿಷ" ಅಂದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಪ್ಪ, ಇದು ಚಾರ್ಮಾಡಿ ಅಲ್ಲ" ಅಂದಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ನಕ್ಕದ್ದು ಈಗಲೂ ಕಿವಿಯಲ್ಲಿದೆ. ಕೊನೆಗೆ ಇನ್ನೊಂದು ದಿನ ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡಿ ಬಂದೆವು.

ನಿನ್ನೆ ಆ ಹುಡುಗನಿಗೆ ಬೈಯಲು ಗಾಜು ಇಳಿಸಿದವನು ಹಾಗೇ ಏರಿಸಿದ್ದು ಅದಕ್ಕೇ. ಹೆಂಡತಿ ಪಕ್ಕದಲ್ಲೇ ಇದ್ದಳಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಬರುವವರೆಗೂ ನಾನು ಮಾತಾಡಲಿಲ್ಲ.

ಮುಂದಿನ ಸಲ ಬಸ್ಸಿಗೇ ಹೋಗುವುದು. ಎತ್ತರದ ಸೀಟು, ತಡೆಗೋಡೆಯಿಂದಾಚೆ ಕಣಿವೆಯೂ ಕಾಣುತ್ತದೆ, ನಿಲ್ಲಿಸುವ ತಲೆಬಿಸಿಯೂ ಇಲ್ಲ. ಕಿಟಕಿ ಸೀಟು ಮಾತ್ರ ತನಗೇ ಅಂತ ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ.