ಸೈಟಿಗೆ ಸಾಲ: ಮುಂಗಡ ಕೊಡುವ ಮೊದಲೇ ಹಾಕಬೇಕಾದ ಲೆಕ್ಕ

ಸೈಟ್ ಸಾಲವನ್ನು ಮನೆ ಸಾಲದ ಲೆಕ್ಕದಲ್ಲೇ ನೋಡುವವರು ಬಹಳ ಜನ. ಲೇಔಟಿನವರು "80 ಪರ್ಸೆಂಟ್ ಲೋನ್ ಮಾಡಿಸಿಕೊಡ್ತೀವಿ ಸಾರ್" ಅಂದರೆ ಸಾಕು, ಉಳಿದ 20 ಹೊಂದಿಸಿದರಾಯಿತು ಅಂತ ಮುಂಗಡ ಕೊಟ್ಟುಬಿಡುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿ.

ಒಂದು 30x40 ಸೈಟ್, ಚದರಡಿಗೆ 3,500 ರೂಪಾಯಿ ಅಂತಿಟ್ಟುಕೊಳ್ಳಿ. ಬೆಲೆ 42 ಲಕ್ಷ. ಬ್ಯಾಂಕಿನ ವ್ಯಾಲ್ಯುಯರ್ ಬಂದು ನೋಡಿ 38 ಲಕ್ಷ ಅಂತ ಬರೆದರೆ, ಬ್ಯಾಂಕ್ ಹಿಡಿಯುವುದು ಎರಡರಲ್ಲಿ ಕಡಿಮೆ ಇರುವುದನ್ನು. ಖಾಲಿ ಸೈಟಿಗೆ ಶೇ. 70 ಕೊಟ್ಟರೆ ಸಾಲ 26.6 ಲಕ್ಷ. ನಿಮ್ಮ ಕೈಯಿಂದ 15.4 ಲಕ್ಷ. ಮೇಲೆ ನೋಂದಣಿ ಖರ್ಚು. ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು 7.6, ಅಂದರೆ 3,19,200 ರೂಪಾಯಿ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ವಕೀಲರ ಫೀಸು, ಪ್ರೊಸೆಸಿಂಗ್ ಎಲ್ಲ ಸೇರಿ ಸುಮಾರು 19 ಲಕ್ಷ ಸ್ವಂತ ದುಡ್ಡು ಬೇಕು. ಶೇ. 20 ಎಲ್ಲಿ, ಶೇ. 45 ಎಲ್ಲಿ!

ಆ 26.6 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳ ಕಂತು ಸುಮಾರು 26,980. ಬಡ್ಡಿಯೇ 22 ಲಕ್ಷದ ಹತ್ತಿರ. ಸೈಟಿನಿಂದ ಬಾಡಿಗೆ ಬರುವುದಿಲ್ಲ, ನೀವು ಇರುವ ಮನೆಯ ಬಾಡಿಗೆ ತಪ್ಪುವುದಿಲ್ಲ. ಬರೀ ಸೈಟಿನ ಸಾಲಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇಲ್ಲ. ಹಾಗಾಗಿ ಎರಡು ಮೂರು ವರ್ಷದೊಳಗೆ ಮನೆ ಕಟ್ಟುವ ಯೋಚನೆ ಇದ್ದರೆ ಸೈಟು ಮತ್ತು ಕಟ್ಟಡ ಎರಡಕ್ಕೂ ಸೇರಿದ ಕಾಂಪೋಸಿಟ್ ಸಾಲವನ್ನೇ ಕೇಳಿ. ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಅನ್ನುವ ಷರತ್ತು ಬರೀ ಸೈಟ್ ಸಾಲದಲ್ಲೂ ಸಾಮಾನ್ಯವಾಗಿ ಇರುತ್ತದೆ. ತಪ್ಪಿದರೆ ಬಡ್ಡಿ ಏರಬಹುದು. ಬ್ಯಾಂಕ್ ಕೊಡುವ ಸಾಲ ಮಂಜೂರಾತಿಯ ಸ್ಯಾಂಕ್ಷನ್ ಪತ್ರದಲ್ಲಿ ಆ ಷರತ್ತನ್ನು ಹುಡುಕಿ ಓದಿ.

ಸಾಲ ನಿಂತುಹೋಗುವುದು ದುಡ್ಡಿಗಿಂತ ಹೆಚ್ಚಾಗಿ ಕಾಗದಪತ್ರದಲ್ಲಿ. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ ಇಸಿ (ಆಸ್ತಿಯ ಮೇಲಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ಕೇಳುತ್ತಾರೆ. ಮೂಲಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳ ಸರಪಳಿ, ಕೃಷಿ ಜಮೀನನ್ನು ವಾಸದ ಬಳಕೆಗೆ ಬದಲಿಸಿದ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ, ಸೈಟ್ ಮಾರಲು ಪ್ರಾಧಿಕಾರ ಕೊಡುವ ಬಿಡುಗಡೆ ಆದೇಶ, ಇ-ಖಾತಾ, ಕಂದಾಯ ರಸೀದಿ ಎಲ್ಲವೂ ಬೇಕು. ನಕ್ಷೆ ಇದೆ, ಬಿಡುಗಡೆ ಆದೇಶದಲ್ಲಿ ನಿಮ್ಮ ಸೈಟ್ ನಂಬರೇ ಇಲ್ಲ ಅನ್ನುವುದು ಪದೇ ಪದೇ ಕಾಣುವ ಎಡವಟ್ಟು. ರಸ್ತೆ, ಚರಂಡಿ ಮುಗಿಸದ ಲೇಔಟಿನಲ್ಲಿ ಹೀಗಾಗುತ್ತದೆ.

ಜಮೀನಿನ ಹಿಂದಿನ ಮಾಲೀಕರ ವಂಶವೃಕ್ಷ ಕೈಯಲ್ಲಿ ಹಿಡಿದು ಹಳೆಯ ವಿಭಾಗಪತ್ರದ ಸಹಿಗಳನ್ನು ಒಂದೊಂದಾಗಿ ತಾಳೆ ನೋಡಿ. ಗಂಡುಮಕ್ಕಳೆಲ್ಲ ಸಹಿ ಹಾಕಿರುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಗಳ ಸಹಿ ಇರುವುದಿಲ್ಲ. ಅವರ ಪಾಲಿನ ಹಕ್ಕು ಎದ್ದುನಿಂತರೆ ಸಾಲವಿರಲಿ, ಸೈಟೇ ಅನುಮಾನ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾಗಿದ್ದು, ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅನ್ನುವ 2023ರ ತಿದ್ದುಪಡಿ ಬಂದ ಮೇಲೆ "ತುಂಬಾ ಹಳೆಯದು ಬಿಡಿ" ಅನ್ನುವ ಮಾತನ್ನು ನಂಬಿ ಕೂರಬೇಡಿ. ಇನ್ನು ಚೆಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿನ ಗಡಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ನಕ್ಷೆಯಲ್ಲಿ ಪೂರ್ವಕ್ಕೆ ಪಕ್ಕದ ಸೈಟ್ ಅಂತಿದ್ದರೆ ತಿದ್ದುಪಡಿ ಪತ್ರ ಆಗುವವರೆಗೆ ಫೈಲು ಮುಂದೆ ಹೋಗುವುದಿಲ್ಲ.

ಆದ್ದರಿಂದ ಜೆರಾಕ್ಸ್ ಪ್ರತಿಗಳನ್ನು ಮೊದಲು ತಂದು ಲೀಗಲ್ ಒಪೀನಿಯನ್ ಮಾಡಿಸಿ, ಆಮೇಲೆ ಮುಂಗಡ. ಕರಾರು ಪತ್ರದಲ್ಲಿ "ದಾಖಲೆಗಳ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್" ಅನ್ನುವ ಮಾತು, ವಾಪಸಿಗೆ ದಿನಾಂಕ ಎರಡೂ ಇರಲಿ. ಈ ಒಂದು ಸಾಲು ಬರೆಯಲು ಒಪ್ಪದವರ ಹತ್ತಿರ ಸೈಟ್ ತಗೊಳ್ಳಬೇಡಿ.

ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದು ನಗದು ಅನ್ನುವವರಿದ್ದಾರೆ. ಸಾಲ ಬೇಕಾದವರಿಗೆ ಅದು ನೇರ ಪೆಟ್ಟು. ಪತ್ರದಲ್ಲಿ 25 ಲಕ್ಷ ಬರೆದರೆ ಬ್ಯಾಂಕ್ ಕೊಡುವುದು ಆ 25ರ ಮೇಲೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದಕ್ಕೂ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು.

ನನಗೆ ನಿಜವಾಗಿ ಸಂಕಟವಾಗುವುದು ರೆವಿನ್ಯೂ ಸೈಟ್, ಅಂದರೆ ಕೃಷಿ ಜಮೀನನ್ನು ಅನುಮೋದನೆಯಿಲ್ಲದೆ ತುಂಡು ಮಾಡಿ ಮಾರುವ ಸೈಟಿನ ವಿಚಾರದಲ್ಲಿ. ಪರಿವರ್ತನೆಯಾಗದ ಜಮೀನು, ನಿಯಮಕ್ಕೆ ಹೊಂದದ ಆಸ್ತಿಯ ಬಿ ಖಾತಾ, ಪಂಚಾಯಿತಿಯ ಅಂಥದ್ದೇ ದಾಖಲೆಯಾದ 11ಬಿ, ಬರೀ ಜಿಪಿಎ (ಅಧಿಕಾರ ಪತ್ರ) ಮೇಲಿನ ಮಾರಾಟ ಅಂದರೆ ಬಹುತೇಕ ಬ್ಯಾಂಕುಗಳು ಸೈಟ್ ಸಾಲ ಕೊಡುವುದಿಲ್ಲ. ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆಗ ಏಜೆಂಟ್ "ಪರ್ಸನಲ್ ಲೋನ್ ತಗೊಳ್ಳಿ, ಒಡವೆ ಇಡಿ, ಚೀಟಿ ಎತ್ತಿ" ಅನ್ನುತ್ತಾನೆ. ದಯವಿಟ್ಟು ಬೇಡ. ಬ್ಯಾಂಕು ಅಡವಿಟ್ಟುಕೊಳ್ಳಲು ಹೆದರುವ ಸೈಟನ್ನು ನಾಳೆ ನಿಮ್ಮಿಂದ ಕೊಳ್ಳುವವನಿಗೂ ಸಾಲ ಸಿಗುವುದಿಲ್ಲ. ತುರ್ತಿಗೆ ಮಾರಲು ಹೋದರೆ ಪೂರ್ತಿ ನಗದು ಇರುವವನೇ ಬರಬೇಕು, ಅವನು ಹೇಳಿದ್ದೇ ಬೆಲೆ.

ಸಾಲ ಸಿಕ್ಕವರು ಕಾಲಕ್ಕೆ ತಕ್ಕಂತೆ ಏರಿಳಿಯುವ ಫ್ಲೋಟಿಂಗ್ ಬಡ್ಡಿಯನ್ನೇ ಆರಿಸಿ. ಸ್ವಂತ ಹೆಸರಿನ ಅಂಥ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ತೀರಿಸಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮವಿದೆ. ಅಡಮಾನವನ್ನು ನೋಂದಾಯಿಸಿದ್ದರೆ ಅದರ ಖುಲಾಸೆ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಹೊಸ ಇಸಿ ತೆಗೆಸಿ ನೋಡಿ. ಇಲ್ಲದಿದ್ದರೆ ತೀರಿದ ಸಾಲವೂ ಇಸಿಯಲ್ಲಿ ಹಾಗೇ ಕಾಣುತ್ತಿರುತ್ತದೆ.