ಲೀಡ್ಸ್‌ನಲ್ಲಿ ಯಾರೂ ಕೇಳಲಿಲ್ಲ, ಬಾಗಲಕೋಟೆಯಲ್ಲಿ ಯಾರೂ ಬಿಡಲಿಲ್ಲ

ಕಳೆದ ಸಲ ಬಾಗಲಕೋಟೆಗೆ ಹೋಗಿದ್ದು ಅಕ್ಕನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ. ನವನಗರದ ಮನೆ, ಮುಂದೆ ಪೆಂಡಾಲು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ನನ್ನನ್ನು ನೋಡಿದ್ದೇ ತಡ, ಸೋದರತ್ತೆ ಮುಂಗೈ ಹಿಡಿದುಕೊಂಡರು. ಬಳೆಯನ್ನು ಮೇಲೆ ಸರಿಸಿ ನೋಡಿದರು.

"ಯವ್ವಾ, ಬಳಿ ಮೊಣಕೈತನಕ ಏರತಾವಲ್ಲ! ಏನಾಗೇತಿ ನಿನಗ?"

"ಏನಿಲ್ಲತ್ತಿ, ಆರಾಮ ಅದೀನಿ" ಅಂದೆ. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಪಂಕ್ತಿ ಕೂರುವ ಹೊತ್ತಿಗೆ ಸುದ್ದಿ ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ, ಅಲ್ಲಿಂದ ತಿರುಗಿ ನನ್ನ ಕಿವಿಗೇ ಬಂತು. "ಪಾಪ, ಕ್ಯಾನ್ಸರ್ ಅಂತ. ಹೇಳವಲ್ರು."

ಕ್ಯಾನ್ಸರ್ ಅಲ್ಲ. ತೂಕ ಇಳಿಸುವ ಆಪರೇಷನ್. ಹೆಸರು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಹಾಕಿ, ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಕತ್ತರಿಸಿ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲಿನ ಹಸಿವೂ ಇರುವುದಿಲ್ಲ. ಒಮ್ಮೆ ತೆಗೆದರೆ ತೆಗೆದಂತೆ, ಮತ್ತೆ ಜೋಡಿಸಲು ಬರುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಆಪರೇಷನ್ ಆಗಿದ್ದೂ ಅಲ್ಲೇ. ಅಲ್ಲಿ ಕಾಯಿಲೆ ರಜೆಯ ಮೊದಲ ಏಳು ದಿನಕ್ಕೆ ನಾವೇ ಬರೆದುಕೊಟ್ಟರೆ ಸಾಕು, ಆಮೇಲೆ ಡಾಕ್ಟರ ಚೀಟಿ ಬೇಕು. ನನ್ನ ಚೀಟಿಯಲ್ಲಿ ಇದ್ದದ್ದು ಹೊಟ್ಟೆಯ ಆಪರೇಷನ್ ಎಂದಷ್ಟೇ. ಮ್ಯಾನೇಜರ್ ಅದನ್ನು ಓದಿ, ಪೂರ್ತಿ ವಾಸಿಯಾದ ಮೇಲೆ ಬನ್ನಿ ಎಂದು ಒಂದು ಸಾಲು ಬರೆದರು. ಕೆಲಸಕ್ಕೆ ವಾಪಸ್ ಹೋದೆ. ತಿಂಗಳು ಕಳೆದಂತೆ ಅಂಗಿ ಜೋಲತೊಡಗಿತು. ಕೆನ್ನೆ ಒಳಗೆ ಹೋಯಿತು. ನಾಲ್ಕನೇ ತಿಂಗಳ ಸುಮಾರಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿತು; ಈ ಆಪರೇಷನ್ ಆದವರಲ್ಲಿ ಅದು ಸಾಮಾನ್ಯ. ಮೂವತ್ತು ಕಿಲೋಗೂ ಜಾಸ್ತಿ ಇಳಿದೆ. ಪಕ್ಕದ ಟೇಬಲ್ಲಿನವಳು ಒಂದು ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಹೊಸ ಕೋಟಾ? ಚೆನ್ನಾಗಿದೆ."

ಇದೇ ಸರಿ ಅನಿಸಿತ್ತು ನನಗೆ. ಹೇಳುವುದೋ ಬಿಡುವುದೋ ನನ್ನಿಷ್ಟ. ನಮ್ಮೂರಲ್ಲಿ ಹಾಗಲ್ಲ, ಮೈ ಅನ್ನೋದು ಓಣಿಯ ಆಸ್ತಿ. ದಪ್ಪಗಿದ್ದಾಗ "ಯಾವ ಅಂಗಡಿ ರೇಷನ್ನು" ಅಂತಿದ್ದವರೇ ಈಗ "ಸೊರಗಿ ಸೊಟ್ಟಾಗಿ" ಅಂತಾರೆ. ಖಣದ ಕುಪ್ಪಸಕ್ಕೆ ಹೊಸ ಅಳತೆ ಕೊಡಲು ಹೋದರೆ ಟೇಲರ್ ಕೂಡ ಟೇಪು ಹಿಡಿದುಕೊಂಡೇ ಹಳೆಯ ಅಳತೆಯನ್ನು ಅಂಗಡಿಗೆಲ್ಲ ಕೇಳುವಂತೆ ಓದಿದರು.

ಸುಮ್ಮನಿದ್ದರಾಯಿತಲ್ಲ ಅನ್ನಬಹುದು. ನಮ್ಮ ಕಡೆಯ ಊಟ ಸುಮ್ಮನಿರಲು ಬಿಟ್ಟರೆ ತಾನೇ! ಕುಬಸದ ಎಲೆ ನೆನಪಿಸಿಕೊಳ್ಳಿ. ಹೋಳಿಗೆ, ಮೇಲೆ ತುಪ್ಪ, ಎಣ್ಣೆಗಾಯಿ, ಕಟ್ಟಿನ ಸಾರು, ರೊಟ್ಟಿ, ಚಿತ್ರಾನ್ನ. ನನಗೆ ಹಿಡಿಯುವುದು ಹೆಬ್ಬೆರಳಿನಷ್ಟು ಹೋಳಿಗೆ, ಎರಡು ಚಮಚ ಪಲ್ಯ. ಅದನ್ನೂ ನುಣ್ಣಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಒಂದು ತುತ್ತು ಜಾಸ್ತಿಯಾದರೆ ಎದೆ ಬಿಗಿಯುತ್ತದೆ, ಬಾಯಿ ತುಂಬ ನೀರೂರುತ್ತದೆ, ಆಮೇಲೆ ಬಚ್ಚಲಿಗೆ ಓಡಬೇಕು. ಸಿಹಿ ಜಾಸ್ತಿಯಾದರೆ ಮೈ ಬೆವರಿ ಎದೆ ಡವಡವ ಎನ್ನುವುದೂ ಉಂಟು. ತೂಕ ಇಳಿಸಲೆಂದೇ ಜಠರದ ಬೈಪಾಸ್ ಮಾಡಿಸಿಕೊಂಡವರಿಗೆ ಈ ಕಾಟ ಇನ್ನೂ ಜಾಸ್ತಿ. ಇದೆಲ್ಲ ಬಡಿಸುವವರಿಗೆ ಗೊತ್ತೇ? ಎಲೆಗೆ ಕೈ ಅಡ್ಡ ಹಿಡಿದೆ. ತುಪ್ಪ ಕೈ ಮೇಲೇ ಬಿತ್ತು. "ಒಂದಿನಕ್ಕ ಏನಾಕ್ಕೈತಿ, ಉಣ್ಣವಾ!"

ಇದರಲ್ಲೊಂದು ಮಜಾ ಇದೆ. "ಸಕ್ಕರಿ ಐತ್ರಿ" ಅಂದರೆ ಬಡಿಸುವವರು ತೆಪ್ಪಗೆ ಮುಂದಿನ ಎಲೆಗೆ ಹೋಗುತ್ತಾರೆ. ಬಿ.ಪಿ. ಅಂದರೂ ಉಪ್ಪಿನಕಾಯಿ ತಪ್ಪುತ್ತದೆ. ಸಣ್ಣ ಆಗಬೇಕು ಅಂದರೆ ಮಾತ್ರ ಇನ್ನೊಂದು ಹೋಳಿಗೆ ಬೀಳುತ್ತದೆ.

ಅವ್ವ ಇದಕ್ಕೆಲ್ಲ ಮೊದಲೇ ಒಂದು ಕಥೆ ಕಟ್ಟಿಟ್ಟಿದ್ದಳು. ಕೇಳಿದವರಿಗೆಲ್ಲ "ದಿನಾ ಮುಂಜಾನೆ ವಾಕಿಂಗ್ ಹೊಕ್ಕಾಳ, ಎರಡೇ ರೊಟ್ಟಿ, ಬರೇ ಮಜ್ಜಿಗಿ" ಎಂದಿದ್ದಳು. ಪಕ್ಕದ ಮನೆಯ ಕಾಕು ಅದನ್ನು ನಂಬಿಬಿಟ್ಟಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಎರಡೂ ಮೊಣಕಾಲು ನೋವು, ತೂಕ ನನ್ನ ಹಳೆಯ ತೂಕಕ್ಕಿಂತ ಜಾಸ್ತಿ. ಸಕ್ಕರೆ ಗುಳಿಗೆ ನುಂಗಿ, ಅರೆಹೊಟ್ಟೆಯಲ್ಲಿ ವಾಕಿಂಗ್ ಹೋಗಿ, ಒಂದೆರಡು ಸಲ ಕಣ್ಣಿಗೆ ಕತ್ತಲೆ ಬಂದು ರಸ್ತೆ ಬದಿ ಕೂತಿದ್ದರಂತೆ. ತೂಕ ಎಷ್ಟೂ ಇಳಿದಿರಲಿಲ್ಲ. "ನಿನಗ ಹತ್ತಿದ್ದು ನನಗ್ಯಾಕ ಹತ್ತವಲ್ದು ತಂಗಿ? ನನ್ನ ಮನಸ್ಸ ಗಟ್ಟಿಲ್ಲ ನೋಡು" ಅಂದರು.

ನನಗೆ ಸಿಟ್ಟು ಬಂತು. ಅವ್ವನ ಮೇಲೆ, ಕಾಕುವಿನ ಮೇಲೆ, ಒಟ್ಟು ಊರಿನ ಮೇಲೆ. ಅಲ್ಲೇ ಕಟ್ಟೆ ಮೇಲೆ ಕೂತು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. 1991ರ ಹಳೆಯ ನಿಯಮದಂತೆ ಈ ಆಪರೇಷನ್‌ಗೆ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಇರಬೇಕಿತ್ತು, ಜೊತೆಗೆ ಬೇರೆ ಕಾಯಿಲೆ ಇದ್ದರೆ 35. 2022ರಲ್ಲಿ ಸರ್ಜನ್‌ಗಳ ಸಂಘಗಳು ಅದನ್ನು ಸಡಿಲಿಸಿದವು. ನಮ್ಮಂಥ ಏಷ್ಯಾದವರಿಗೆ 27.5 ಇದ್ದರೂ ಈ ಆಪರೇಷನ್ ಬಗ್ಗೆ ಯೋಚಿಸಬಹುದು ಎಂದವು. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ಹತೋಟಿಗೆ ಬರುತ್ತದೆ. ಕೇಳಿ ತಿಳಿದುಕೊಳ್ಳಬೇಕಾದವರು ಕಾಕು. ಅವರಿಗೆ ತಲುಪಿದ್ದು ಮಜ್ಜಿಗೆ!

ಕಾಕು ಕೇಳಿದ್ದು ಮೂರು ಮಾತು. "ಕತ್ತರಿಸಿದ್ದು ಮತ್ತ ಬೆಳಿತೈತೇನು?" "ಎಷ್ಟ ರೊಕ್ಕ ಹತ್ತಿತು?" ಆಮೇಲೆ ಸ್ವಲ್ಪ ಮೆಲ್ಲಗೆ, "ಮಗಾ ಒಪ್ಪಬೇಕಲ್ಲವಾ."

ದೀಪ ಹಚ್ಚುವ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಕ್ಯಾನ್ಸರ್ ಸುದ್ದಿ ಅಲ್ಲಿಗೆ ಸತ್ತಿತು. ಅದರ ಜಾಗಕ್ಕೆ ಬಂದದ್ದು "ರೊಕ್ಕ ಕೊಟ್ಟು ಸಣ್ಣ ಆದ್ಲು" ಎಂಬ ಮಾತು. ಮೊಣಕಾಲು ಚಿಪ್ಪು ಬದಲಿಸಿಕೊಂಡು ಬಂದ ಹಿರಿಯರು ಸೀರೆ ಸರಿಸಿ ಹೊಲಿಗೆ ತೋರಿಸುತ್ತಾರೆ, ಅವರಿಗೆ ಯಾರೂ ರೊಕ್ಕ ಕೊಟ್ಟು ನಡೆದಿರಿ ಅನ್ನುವುದಿಲ್ಲ. ನನಗೆ ಜೀವನಪೂರ್ತಿ ವಿಟಮಿನ್ ಗುಳಿಗೆ ತಪ್ಪದು, ಬಿ12, ಕಬ್ಬಿಣ, ಕ್ಯಾಲ್ಸಿಯಂ ನೋಡಿಕೊಳ್ಳುತ್ತಿರಬೇಕು. ತಿನ್ನುವುದರಲ್ಲಿ ಹಿಡಿತ ತಪ್ಪಿದರೆ ಹೋದ ತೂಕ ವಾಪಸ್ ಬರುತ್ತದೆ. ಇದು ಶಾರ್ಟ್‌ಕಟ್ ಅಂತೆ! ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಇಂಥ ಆಪರೇಷನ್ ಮಾಡಿಸಿಕೊಂಡದ್ದು ಪೇಪರುಗಳಲ್ಲೆಲ್ಲ ಬಂದಿತ್ತು. ದೊಡ್ಡವರು ಮಾಡಿಸಿದರೆ ಆರೋಗ್ಯ, ಮಾಸ್ತರ ಮಗಳು ಮಾಡಿಸಿದರೆ ಶೋಕಿ.

ಆದರೂ ಊರಲ್ಲಿ ಹೇಳಿಬಿಡುವುದೇ ಸರಿ ಅಂತ ಈಗ ಅನಿಸುತ್ತಿದೆ. ಲೀಡ್ಸ್‌ನಲ್ಲಿ ಸುಮ್ಮನಿದ್ದರೆ ಸುಮ್ಮನೆ ಇದ್ದಂತೆ, ಯಾರೂ ಅದರಲ್ಲಿ ಏನನ್ನೂ ತುಂಬುವುದಿಲ್ಲ. ಬಾಗಲಕೋಟೆಯಲ್ಲಿ ನಾನು ಬಾಯಿ ಮುಚ್ಚಿದಷ್ಟೂ ಬೇರೆಯವರು ನನ್ನ ಪರವಾಗಿ ಮಾತಾಡುತ್ತಾರೆ. ಕಡೇ ಪಕ್ಷ ಮನೆಯವರಿಗಾದರೂ ಗೊತ್ತಿರಲೇಬೇಕು. ಕುಬಸದ ಮರುದಿನ ತಲೆನೋವು ಅಂದದ್ದಕ್ಕೆ ಅಕ್ಕ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತರಿಸಿದ್ದಳು. ಡಾಕ್ಟರನ್ನು ಕೇಳದೆ ನಾನು ಅದನ್ನು ನುಂಗುವಂತಿಲ್ಲ, ಜಠರಕ್ಕೆ ಹುಣ್ಣು ಬರುವ ಭಯ.

ಇನ್ನೊಂದು ಮಾತು ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಮುಂದಿನ ವಾರ ಗುಳೇದಗುಡ್ಡದಲ್ಲಿ ಒಂದು ಜವಳ ಇತ್ತು. ಸೋದರತ್ತೆ ದಾರಿಯುದ್ದಕ್ಕೂ ಬೈದರು, "ಮೊದಲ ಹೇಳಾಕ ಏನಾಗಿತ್ತ ನಿನಗ." ಪಂಕ್ತಿಯಲ್ಲಿ ಮಾತ್ರ ನನ್ನ ಪಕ್ಕದಲ್ಲೇ ಕೂತರು. ಬಡಿಸುವವರು ಬಂದಾಗೆಲ್ಲ "ಆಕಿಗೆ ಬ್ಯಾಡ, ಮುಂದ ನಡೀರಿ" ಎಂದು ಗದರಿದರು. ಮನೆಯಿಂದ ಡಬ್ಬಿಯಲ್ಲಿ ಮೆತ್ತಗೆ ಬೇಯಿಸಿದ ಮಡಕಿಕಾಳು, ಗಟ್ಟಿ ಮೊಸರು ತಂದಿದ್ದರು. ಪ್ರೋಟೀನ್ ಅಂದರೆ ಏನು ಎಂದು ಯಾರನ್ನು ಕೇಳಿ ತಿಳಿದುಕೊಂಡಿದ್ದರೋ. ಲೀಡ್ಸ್‌ನ ಆಫೀಸಿನಲ್ಲಿ ನೀರು ಸಾಲದೆ ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದೆ ಒಂದು ಸಲ. ಹಾದುಹೋದ ಇಬ್ಬರು ನಗುತ್ತಾ "ಹಲೋ" ಅಂದರು. ತಪ್ಪು ಅವರದಲ್ಲ, ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಇವತ್ತಿಗೂ ಹೇಳಿಲ್ಲ.

ಅವ್ವ ಇನ್ನೂ ಮುನಿಸಿಕೊಂಡಿದ್ದಾಳೆ. ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ. "ಬೀಗರಿಗೆ ಗೊತ್ತಾದರ ಮನಿತನದಾಗ ಏನೋ ಬ್ಯಾನಿ ಐತಿ ಅಂತಾರ. ಅಕ್ಕಿಕಾಳು ಬೀಳೂತನಕ ಬಾಯಿ ಮುಚಗೊಂಡಿರು" ಎಂದು ಫೋನಿನಲ್ಲಿ ತಾಕೀತು ಮಾಡುತ್ತಾಳೆ. ಓಣಿಗೆಲ್ಲ ಗೊತ್ತಾದದ್ದು ಬೀಗರಿಗೆ ಗೊತ್ತಾಗದೆ ಇರುತ್ತದೆಯೇ ಎಂದರೆ ಫೋನ್ ಇಟ್ಟುಬಿಡುತ್ತಾಳೆ. ತಮ್ಮ ನನ್ನ ಕಡೆ. ಹೆಣ್ಣಿನವರು ಮನೆ ನೋಡಲು ಬಂದಾಗ ತಾನೇ ಹೇಳುತ್ತೇನೆ ಅಂದಿದ್ದಾನೆ. ಅದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.