ಬ್ರೇಕಿಗೆ ಕುಡಿಸಿದ ಪೆಟ್ರೋಲು

ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಅಂಕಿ ಕುಣಿಯುತ್ತಿರುತ್ತದೆ. ಈ ಗಳಿಗೆಯಲ್ಲಿ ಕಾರು ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿದೆ ಎಂದು ಹೇಳುವ ಅಂಕಿ. ಕಾರು ಕೊಂಡು 3 ವರ್ಷವಾದರೂ ಅದರ ಕಡೆ ನೋಡಿರಲಿಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಬೇಜಾರಾಗಿ ಸುಮ್ನೆ ನೋಡಿದೆ. ಸೊನ್ನೆ! ಕಾರು ನಿಂತಿದೆ, ಇಂಜಿನ್ ಓಡುತ್ತಿದೆ, ಇನ್ನೇನು ತೋರಿಸಬೇಕು? ಹಸಿರು ಬಿತ್ತು. ಎಂದಿನಂತೆ ಆಕ್ಸಿಲರೇಟರ್ ತುಳಿದೆ. ಬರೀ 4! ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು.

ನೋಡುತ್ತಾ ನೋಡುತ್ತಾ ಬ್ರೇಕಿನ ಮೇಲೆ ಅನುಮಾನ ಶುರುವಾಯಿತು. ಪೆಟ್ರೋಲು ಸುಟ್ಟು ವೇಗ ಗಳಿಸುವುದು, ನೂರು ಮೀಟರ್ ಹೋಗಿ ಅದನ್ನೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುವುದು. ವೇಗ ಎರಡು ಪಟ್ಟಾದರೆ ಹೀಗೆ ದಂಡವಾಗುವ ಶಕ್ತಿ ನಾಲ್ಕು ಪಟ್ಟು. ದಿನಾ ಆಫೀಸಿಗೆ ಹೋಗಿಬರುತ್ತಾ ಇದೇ ಕೆಲಸ ಮಾಡಿದ್ದೆನಲ್ಲ!

ಈಗ ದೂರದಲ್ಲಿ ಕೆಂಪು ಕಂಡರೆ ಸಾಕು, ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಡುತ್ತೇನೆ. ಗೇರು ಮಾತ್ರ ಹಾಗೇ ಇರಬೇಕು. ಮೊದಲು ನ್ಯೂಟ್ರಲ್ ಮಾಡಿ ಉರುಳಿಸುತ್ತಿದ್ದೆ, ಅದೇ ಜಾಣತನ ಎಂದುಕೊಂಡು. ಅದು ಹಳೇ ಕಾರುಗಳ ಕಾರ್ಬ್ಯುರೇಟರ್ ಕಾಲದ ಬುದ್ಧಿ. ಕಂಪ್ಯೂಟರೇ ಅಳೆದು ಪೆಟ್ರೋಲು ಚಿಮ್ಮಿಸುವ ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು, ವೇಗವೂ ಇರುವಾಗ ಕಾಲು ತೆಗೆದರೆ, ಪೆಟ್ರೋಲು ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಆರಿಹೋಗದಿರಲು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು. ಇಳಿಜಾರಿನಲ್ಲಿ ಅದು ಅಪಾಯ ಬೇರೆ. ಕಾಲು ತೆಗೆದ ಕೂಡಲೇ ನನ್ನ ಅಂಕಿ 99.9ಕ್ಕೆ ಹಾರಿ ಕೂರುತ್ತದೆ. ಯಾವ ಪರೀಕ್ಷೆಯಲ್ಲೂ ನನಗೆ ಅಷ್ಟು ಬಂದಿರಲಿಲ್ಲ ಬಿಡಿ.

ಟೈರು ತಣ್ಣಗಿರುವಾಗ ಗಾಳಿ ನೋಡಿಸುತ್ತೇನೆ. ಡಿಕ್ಕಿಯಲ್ಲಿ ವರ್ಷದಿಂದ ಸವಾರಿ ಮಾಡುತ್ತಿದ್ದ ಎರಡು ಡಂಬೆಲ್ ಇಳಿಸಿದ್ದೇನೆ. ಮನೆಯಲ್ಲಿ ಮೆಚ್ಚುಗೆ ಸಿಕ್ಕಿದೆ ಎನ್ನಲಾರೆ. ‘ಅಪ್ಪಾ, ಆ ಸೈಕಲ್ಲು ನಮ್ಮನ್ನ ಓವರ್‌ಟೇಕ್ ಮಾಡ್ತು’ ಎಂದು ಮಗಳು ದಿನಾ ವರದಿ ಒಪ್ಪಿಸುತ್ತಾಳೆ.

ನಿನ್ನೆ ಹಿಂದಿನವನೊಬ್ಬ ಹಾರ್ನ್ ಬಾರಿಸಿ ಬಾರಿಸಿ, ಭರ್ರನೆ ಮುಂದೆ ಹೋಗಿ ಕೆಂಪು ದೀಪಕ್ಕೆ ಗಕ್ಕನೆ ನಿಂತ. ನಾನು ಪಕ್ಕದ ಸಾಲಿನಲ್ಲಿ ತೇಲಿಕೊಂಡು ಬರುವಷ್ಟರಲ್ಲಿ ದೀಪ ಹಸಿರಾಯಿತು. ಅವನು ಫಸ್ಟ್ ಗೇರ್ ಹುಡುಕುತ್ತಿದ್ದ. ನಾನು ಥರ್ಡಿನಲ್ಲೇ ದಾಟಿದೆ. ಖುಷಿಗೆ ಕಾಲು ಸ್ವಲ್ಪ ಜೋರಾಗಿಯೇ ಒತ್ತಿಬಿಟ್ಟಿತು.

ಅಂಕಿ ನೋಡಿದೆ. 6.